ಹಗ್ಗದ ಆ ತುದಿ

ದಡದಿಂದ ಹಲಗೆ ಹಾಕದೆ ಮಂಜುಗಡ್ಡೆ ಹತ್ತಲಾಗದ ದಿನ ಬಂತೆಂದರೆ ಕೊಲ್ಲಿಯ ಬಾಯಿಂದ ಬಲೆ ಎತ್ತಿಬಿಡಬೇಕು. ಇದು ನಮ್ಮಣ್ಣ ಸುಲೊನ ನಿಯಮ. ಸರ್ಕಾರದ್ದೂ ಅಲ್ಲ, ಊರಿನ ಮೀನುಗಾರರ ಸಂಘದ್ದೂ ಅಲ್ಲ. ದಡದಂಚು ಕರಗಿ ಒಂದು ಹೆಜ್ಜೆಯಗಲ ನೀರು ಕಂಡಿತೆಂದರೆ, ಹೊಟ್ಟೆ ತುಂಬ ತತ್ತಿ ಹೊತ್ತ ಪೈಕ್ ಮೀನುಗಳು ಮಂಜಿನಡಿಯಲ್ಲೇ ಜೊಂಡಿನ ಕಡೆಗೆ ಹೊರಟಿವೆ ಎಂದು ಅರ್ಥ. “ಹೆರಿಗೆಗೆ ಹೊರಟವಳ ದಾರಿಗೆ ಅಡ್ಡ ನಿಲ್ಲಬಾರದು ಕಣೋ” ಅನ್ನುತ್ತಿದ್ದ.

ಈ ವರ್ಷ ಹಲಗೆ ಹಾಕಿ ಮೂರು ದಿನವಾಗಿತ್ತು. ಬಲೆ ಇನ್ನೂ ನೀರಿನಲ್ಲೇ ಇತ್ತು.

ಯಾಕೆ ಎಂದು ಕೇಳಿದವರಿಗೆ ಸುಸ್ತು ಎಂದೆ. ಸುಳ್ಳೇನಲ್ಲ. ಅರವತ್ತಾರು ವರ್ಷ, ಬಗ್ಗಿದರೆ ಏಳಲು ಒಲ್ಲದ ಸೊಂಟ, ಐದು ತಿಂಗಳ ಚಳಿಗಾಲ. ಆದರೆ ನಿಜವಾದ ಕಾರಣ ಬೇರೆ ಇತ್ತು. ಬಲೆ ಎತ್ತಿದ ದಿನವೇ ಅತ್ತಿಗೆ ಹಿಲ್ಕಾ ನನ್ನ ಜೊತೆ ಬರುವುದು ನಿಲ್ಲುತ್ತದೆ. ಅಷ್ಟರೊಳಗೆ ಅವಳಿಗೆ ಒಂದು ಮಾತು ಹೇಳಬೇಕಿತ್ತು. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಆಡದೆ ಒಳಗೇ ಇಟ್ಟುಕೊಂಡರೆ ಏನಾಗುತ್ತದೆ ಎಂದು ಯಾರೂ ಹೇಳಿಲ್ಲ.

ನಡೆದದ್ದು ಇಷ್ಟು. ನವೆಂಬರಿನಲ್ಲಿ, ನೀರಿನ ಮೇಲೆ ಮೊದಲ ಮಂಜುಗಡ್ಡೆ ಕಟ್ಟಿದ ವಾರ, ಸುಲೊ ಬೆಳಿಗ್ಗೆಯೇ ಫೋನ್ ಮಾಡಿದ. ಮಂಜಿನಡಿ ಬಲೆ ಬಿಡಲು ಇಬ್ಬರು ಬೇಕು, ಮಂಜಿನಲ್ಲಿ ಕೊರೆದ ಈ ಕಂಡಿಯಲ್ಲೊಬ್ಬ, ಅರವತ್ತು ಹೆಜ್ಜೆ ಆಚೆಯ ಕಂಡಿಯಲ್ಲೊಬ್ಬ. “ಬಾರೋ ತೌನೊ” ಎಂದ. ಜ್ವರ ಎಂದೆ. ಜ್ವರವೂ ಇರಲಿಲ್ಲ, ಮಣ್ಣಂಗಟ್ಟಿಯೂ ಇರಲಿಲ್ಲ. ಸುಸ್ತಾಗಿತ್ತು. ಹಿಂದಿನ ದಿನ ಅಂಗಡಿಯ ಮುಂದೆ ನಾಲ್ಕು ಜನರೆದುರು ನನ್ನನ್ನು ಸೋಮಾರಿ ಎಂದಿದ್ದ, ಅದರ ಮುನಿಸೂ ಇತ್ತು. ಹಿತ್ತಲ ಸೌನಾ ಕೋಣೆಯನ್ನು ಸೌದೆ ಹಾಕಿ ಕಾಯಿಸಿಕೊಂಡು, ಬಿಸಿ ಕಲ್ಲಿನ ಮೇಲೆ ನೀರು ಸುರಿದು, ಹಾಯಾಗಿ ಬೆವರುತ್ತಾ ಕುಳಿತೆ. ಅವನು ಒಬ್ಬನೇ ಹೋದ. ಮಂಜು ಮೂರು ಬೆರಳು ದಪ್ಪವೂ ಇರಲಿಲ್ಲ. ನೀರಿಗೆ ಬಿದ್ದವನು ಮಂಜಿಗೆ ಚುಚ್ಚಿ ಮೇಲೇಳಲೆಂದು ನಾವು ಕೊರಳಿಗೆ ಹಾಕಿಕೊಳ್ಳುವ ಮೊಳೆಗಳು ಅವನ ಮನೆಯ ಗೂಟದಲ್ಲೇ ನೇತಾಡುತ್ತಿದ್ದವು.

ಅವನನ್ನು ಮಣ್ಣು ಮಾಡಿದ ದಿನವೂ ಅದೇ ಸುಳ್ಳನ್ನು ಹೇಳಿದೆ. “ಜ್ವರ ಬರದೇ ಇದ್ದಿದ್ರೆ ನಾನೂ ಹೋಗ್ತಿದ್ದೆ.” ಹಿಲ್ಕಾ ತಲೆಯಾಡಿಸಿ ನನ್ನ ಬಟ್ಟಲಿಗೆ ಇನ್ನಷ್ಟು ಕಾಫಿ ಬಗ್ಗಿಸಿದಳು.

ಜನವರಿಯಲ್ಲಿ ಒಂದು ಬೆಳಿಗ್ಗೆ ಸುಲೊನ ದೊಡ್ಡ ಬೂಟು ಹಾಕಿಕೊಂಡು ನನ್ನ ಬಾಗಿಲಿಗೆ ಬಂದಳು. ನಲವತ್ತು ವರ್ಷ ಮೀನುಗಾರನ ಜೊತೆ ಸಂಸಾರ ಮಾಡಿ, ಮೀನಿನ ವಾಸನೆಗೆ ಮೂಗು ಮುಚ್ಚುತ್ತಿದ್ದ ಹೆಂಗಸು. “ಆಚೆ ಕಂಡೀಲಿ ಒಬ್ರು ಬೇಕಲ್ಲ ನಿಂಗೆ, ನಡಿ” ಎಂದಳು, ಅಷ್ಟೇ. ಅಂದಿನಿಂದ ವಾರಕ್ಕೆ ಮೂರು ದಿನ ತಪ್ಪಿಸಲಿಲ್ಲ.

ಅವಳ ಕೆಲಸ ಸುಲಭದ್ದು. ನಾನು ಈ ಕಂಡಿಯಿಂದ ಬಲೆ ಎಳೆದುಕೊಳ್ಳುವಾಗ, ಬಲೆಯ ಆ ತುದಿಗೆ ಉದ್ದದ ಹಗ್ಗ ಕಟ್ಟಿ ನೀರಿಗೆ ಬಿಡುತ್ತಾ ಹೋಗಬೇಕು. ಮೀನು ಬಿಡಿಸಿದ ಮೇಲೆ ಅವಳು ಅದೇ ಹಗ್ಗ ಎಳೆದರೆ ಬಲೆ ಮತ್ತೆ ಮಂಜಿನಡಿ ಸೇರುತ್ತದೆ. ಆದರೆ ಅವಳಿಗೊಂದು ಕೆಟ್ಟ ಚಾಳಿ. ನಾನು ಮೀನು ಬಿಡಿಸಲು ನಿಂತೆನೋ, ಆ ಕಡೆಯಿಂದ ಹಗ್ಗವನ್ನು ಒಮ್ಮೆ ಜಗ್ಗುವಳು. ನಾನು ತಿರುಗಿ ಜಗ್ಗುವ ತನಕ ಬಿಡುವವಳಲ್ಲ.

“ಏನು, ಚರ್ಚಿನ ಗಂಟೆ ಬಾರಿಸ್ತಿದ್ದೀಯಾ?” ಎಂದು ರೇಗುತ್ತಿದ್ದೆ.

“ನಿದ್ದೆ ಹೋದ್ಯೇನೋ ಅಂತ ನೋಡ್ದೆ.”

“ನಿಂತ್ಕೊಂಡು ನಿದ್ದೆ ಮಾಡೋಕೆ ನಾನೇನು ಕುದುರೇನಾ?”

“ಕುದುರೆ ಆದ್ರೆ ಕೆಲಸ ಮಾಡುತ್ತೆ.”

ಹೀಗೆ ಚಳಿಗಾಲ ಕಳೆಯಿತು. ಅರವತ್ತು ಹೆಜ್ಜೆ ದೂರದಲ್ಲಿ ನಿಂತು ಬೈದಾಡಿಕೊಂಡೆವು, ಜಾರುಬಂಡಿಯ ಮೇಲೆ ಕುಳಿತು ರೈ ಹಿಟ್ಟಿನ ಬ್ರೆಡ್ಡು ತಿಂದೆವು. ಹೇಳಬೇಕಾದ ಮಾತು ಪ್ರತಿ ಸಲವೂ ಬ್ರೆಡ್ಡಿನ ಜೊತೆ ಗಂಟಲಿಳಿದು ಹೋಯಿತು.

ಹಲಗೆ ಹಾಕಿದ ನಾಲ್ಕನೆಯ ದಿನ ಬೆಳಿಗ್ಗೆ ಐದಕ್ಕೇ ಅವಳು ಬಂದು ನನ್ನ ಹಲಗೆಯ ಪಕ್ಕ ನಿಂತಿದ್ದಳು. ಬಿಸಿಲು ಏರುವ ಮೊದಲು ಹೋಗಿ ಬರಬೇಕು. ರಾತ್ರಿ ಕಟ್ಟಿದ ಗಟ್ಟಿ ಪದರ ಹತ್ತು ಗಂಟೆಗೆಲ್ಲ ಸಡಿಲವಾಗುತ್ತದೆ.

“ಎರಡು ಹಲಗೆ ಬೇಕಾಗುತ್ತೆ ಇವತ್ತು. ಸುಲೊ ಇದ್ದಿದ್ರೆ ಭಾನುವಾರವೇ ಎತ್ತಿರೋನು” ಎಂದಳು.

“ಸುಲೊ ಇದ್ದಿದ್ರೆ ನೀನು ಮನೇಲಿ ಮಲಗಿರ್ತಿದ್ದೆ.”

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ಹಲಗೆಯ ಆ ಕೊನೆ ಹಿಡಿದಳು.

ಮಂಜು ಬೂದಿಯ ಬಣ್ಣಕ್ಕೆ ತಿರುಗಿತ್ತು. ನಾನು ಮುಂದೆ, ಹಾರೆಯಿಂದ ಕುಟ್ಟಿ ನೋಡುತ್ತಾ. ಅವಳು ಇಪ್ಪತ್ತು ಹೆಜ್ಜೆ ಹಿಂದೆ. ಹಾರೆ ಎರಡು ಏಟಿಗೆ ಇಳಿಯುತ್ತಿತ್ತು, ಒಂದೇ ಏಟಿಗೆ ಇಳಿದರೆ ಹಿಂತಿರುಗಬೇಕು. ತೊರೆ ಬಂದು ಸೇರುವಲ್ಲಿ ಆಗಲೇ ತೆರೆದ ನೀರಿನಲ್ಲಿ ಎರಡು ಹಂಸಗಳು ಕೂತಿದ್ದವು.

“ಇವತ್ತು ಕೊನೆ. ಬಲೆ ವಾಪಸ್ ಹೋಗಲ್ಲ. ಹಗ್ಗ ಕಟ್ಬೇಡ, ಬಲೆ ತುದಿ ಕಂಡಿ ಪಕ್ಕದ ಗೂಟದಿಂದ ಬಿಚ್ಚಿ ಹಾಗೇ ಬಿಟ್ಬಿಡು, ಆಯ್ತಾ?” ಎಂದೆ.

ಆಯಿತೆನ್ನುವ ಹಾಗೆ ಕೈಯೆತ್ತಿ ತನ್ನ ಕಂಡಿಯ ಕಡೆ ಹೋದಳು.

ಬಲೆ ಭಾರವಾಗಿತ್ತು. ಬೇರೆ ದಿನವಾಗಿದ್ದರೆ ಖುಷಿಪಡುತ್ತಿದ್ದೆ. ಮೊದಲು ಎರಡು ಸಣ್ಣ ಗಂಡುಗಳು ಬಂದವು. ಆಮೇಲೆ ನನ್ನ ತೋಳಿನುದ್ದದ ಹೆಣ್ಣು ಪೈಕ್, ಕಿವಿರಿಗೆ ದಾರ ಸುತ್ತಿಕೊಂಡು ಸತ್ತು ಎರಡು ದಿನವಾಗಿರಬೇಕು. ಎತ್ತಿದೊಡನೆ ಹೊಟ್ಟೆಯಿಂದ ತತ್ತಿ ಸೋರಿ ನನ್ನ ಕೈಗವಸನ್ನೆಲ್ಲ ತುಂಬಿತು, ಹಳದಿ, ರವೆಯಷ್ಟು ಸಣ್ಣದು. ಜೊಂಡಿಗೆ ಇನ್ನು ಇನ್ನೂರು ಹೆಜ್ಜೆ ಇತ್ತು ಅವಳಿಗೆ. ಭಾನುವಾರವೇ ಬಲೆ ಎತ್ತಿದ್ದರೆ ಮುಟ್ಟುತ್ತಿದ್ದಳು. ನನ್ನ ಸುಸ್ತಿಗೆ ಇದು ಎರಡನೆಯ ಸಾವು ಎಂದುಕೊಂಡೆ, ನಾಚಿಕೆಯಾಯಿತು.

ಅವಳ ಹಿಂದೆಯೇ ಇನ್ನೊಂದು ಹೆಣ್ಣು. ಇದು ಬದುಕಿತ್ತು. ಬಿಡಿಸುವ ತಾಳ್ಮೆಯಿಲ್ಲದೆ ಚಾಕು ತೆಗೆದು ಬಲೆಯನ್ನೇ ಕೊಯ್ದೆ. ಒಳ್ಳೆಯ ಬಲೆ, ಹೋಗಲಿ. ತಲೆ ಮುಂದಾಗಿ ಕಂಡಿಗೆ ಇಳಿಸಿ, ಬಾಲ ಹಿಡಿದು ಸ್ವಲ್ಪ ಹೊತ್ತು ಹಾಗೇ ಇಟ್ಟೆ. ಒಮ್ಮೆ ಕೊಸರಿಕೊಂಡು ಹೋಯಿತು. ನಾನು ಮೊಣಕಾಲೂರಿ ಉಸಿರು ತಿರುಗಿಸಿಕೊಳ್ಳುತ್ತಾ ಕುಳಿತೆ. ಎಷ್ಟು ಹೊತ್ತೋ. ಕೈಯಲ್ಲಿದ್ದ ಬಲೆ ಒಮ್ಮೆ ಅದುರಿತು. ಇನ್ನೊಂದು ಮೀನಿರಬೇಕೆಂದು ಎದ್ದು ಎಳೆದೆ.

ಮೀನಿರಲಿಲ್ಲ. ಬಲೆಯ ಕೊನೆ ಬಂತು, ಅದರ ಬೆನ್ನಿಗೆ ಹಗ್ಗ. ಅಚ್ಚುಕಟ್ಟಾಗಿ ಎರಡು ಸುತ್ತು ಹಾಕಿ ಕಟ್ಟಿದ ಗಂಟು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅಂದಂತೂ ಯಾರ ಮೇಲಾದರೂ ಬೀಳಲು ಕಾಯುತ್ತಿತ್ತು.

“ಹಿಲ್ಕಾ, ಕಿವಿ ಮನೇಲಿ ಬಿಟ್ಟು ಬಂದ್ಯಾ? ಕಟ್ಬೇಡ ಅಂದೆ ತಾನೆ. ಇಡೀ ಚಳಿಗಾಲ ನೀನು ಕಲಿತಿದ್ದು ಇಷ್ಟೇನಾ?”

ಅವಳು ಕೂಗಲಿಲ್ಲ. ಆ ಹೊತ್ತಿನಲ್ಲಿ ಮಂಜಿನ ಮೇಲೆ ಕೂಗುವ ಅಗತ್ಯವೂ ಇಲ್ಲ, ಮೆಲ್ಲಗೆ ಆಡಿದ್ದೂ ಕೇಳುತ್ತದೆ.

“ಕಲಿತಿದ್ದಕ್ಕೇ ಕಟ್ಟಿದ್ದು. ಬಿಚ್ಚಿಬಿಟ್ರೆ ಆ ತುದೀಲಿ ನೀನಿದ್ದೀಯೋ ಇಲ್ವೋ ನಂಗೆ ಹೇಗೆ ಗೊತ್ತಾಗಬೇಕು? ಬಿಸಿಲು ಕಣ್ಣಿಗೆ ಹೊಡೀತಿದೆ. ಜಗ್ಗಿದೆ, ನೀನು ಜಗ್ಗಲಿಲ್ಲ.”

ಚಳಿಗಾಲದ ಆ ಗಂಟೆ ಬಾರಿಸುವಿಕೆಯೆಲ್ಲ ಯಾಕೆಂದು ನನಗೆ ಆಗ ತಿಳಿಯಿತು. ಸಿಟ್ಟು ಇಳಿದುಹೋಯಿತು. ಅದರ ಜಾಗದಲ್ಲಿ ಆ ಮಾತೊಂದೇ ಉಳಿದಿತ್ತು.

“ಅವತ್ತು ನಂಗೆ ಜ್ವರ ಇರ್ಲಿಲ್ಲ ಹಿಲ್ಕಾ.”

ಎದುರಿಗೆ ಕೂತು ಆಡಬೇಕಾದ ಮಾತು. ಆದರೆ ಆ ಮಂಜಿನ ಮೇಲೆ ಇಬ್ಬರು ಒಂದೇ ಕಡೆ ನಿಲ್ಲುವ ಹಾಗಿರಲಿಲ್ಲ.

“ಗೊತ್ತು” ಎಂದಳು.

“ಏನು ಗೊತ್ತು?”

“ನಮ್ಮ ಅಡುಗೆಮನೆ ಕಿಟಕಿಯಿಂದ ನಿನ್ನ ಸೌನಾ ಹೊಗೆ ಕಾಣುತ್ತೆ. ಜ್ವರ ಬಂದೋನು ಬೆಳ್ಬೆಳಿಗ್ಗೆ ಸೌನಾ ಕಾಯಿಸ್ತಾನಾ?”

ಹಗ್ಗ ನನ್ನ ಕೈಯಲ್ಲಿ ಬಿಗಿಯಾಗಿಯೇ ಇತ್ತು.

“ಗೊತ್ತಿದ್ದೂ ನನ್ನ ಜೊತೆ ಯಾಕೆ ಬಂದೆ?”

ಅವಳು, ಬೇರೆ ಯಾರದೋ ಸಂಗತಿ ಹೇಳುವವಳಂತೆ, ದಣಿದ ದನಿಯಲ್ಲಿ ಹೇಳಿದಳು:

“ನಿಂಗೆ ಫೋನ್ ಮಾಡೋಕೂ ಮುಂಚೆ ನನ್ನೇ ಕರೆದಿದ್ದ. ಬರೀ ಹಗ್ಗ ಹಿಡ್ಕೊಂಡು ನಿಂತ್ರೆ ಸಾಕು ಅಂದ. ನಾನು ಹಿಟ್ಟು ನಾದ್ತಿದ್ದೆ. ನಿನ್ನ ತಮ್ಮ ಇದ್ದಾನಲ್ಲ, ಹೋಗು ಅಂದೆ. ಆಮೇಲೆ ಬಂದು, ತೌನೊಗೆ ಜ್ವರವಂತೆ ಅಂತ ಬಾಗಿಲಲ್ಲಿ ನಿಂತ. ನಾನು ಕಿಟಕೀಲಿ ಹೊಗೆ ನೋಡ್ತಿದ್ದೆ. ಹೇಳಿದ್ರೆ ನಿನ್ನ ಮನೆಗೆ ಬಂದು ಜಗಳ ತೆಗೀತಾನೆ, ಇಬ್ರೂ ಒಂದು ವಾರ ಮೂತಿ ಊದಿಸ್ಕೊಂಡು ಓಡಾಡ್ತೀರಾ, ಯಾರಿಗೆ ಬೇಕು ಅಂತ ಸುಮ್ನಿದ್ದೆ. ಸುಸ್ತಾಗಿತ್ತು ನಂಗೂ.”

ನಿಜ ಹೇಳುತ್ತೇನೆ, ಮೊದಲು ನನಗೆ ಬಂದದ್ದು ಸಮಾಧಾನವಲ್ಲ, ಒಂಥರಾ ಕೋಪ. ಐದು ತಿಂಗಳು ನನ್ನೊಬ್ಬನದೇ ಎಂದು ಹೊತ್ತುಕೊಂಡು ತಿರುಗಿದ ಭಾರದಲ್ಲಿ ಅವಳೂ ಪಾಲು ಕೇಳುತ್ತಿದ್ದಳು. ಜಗಳವಾಗಿದ್ದರೆ ಅಣ್ಣ ಬದುಕಿರುತ್ತಿದ್ದ. ಮೂತಿ ಊದಿಸಿಕೊಂಡಾದರೂ ಇಬ್ಬರೂ ಬದುಕಿರುತ್ತಿದ್ದೆವು. ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಅವಳಿಗೆ ಅದು ಮೊದಲೇ ಗೊತ್ತಿತ್ತು, ಇಡೀ ಚಳಿಗಾಲ ಆ ಕಂಡಿಯ ಪಕ್ಕ ನಿಂತು ಯೋಚಿಸಿರಬೇಕು.

“ಹಗ್ಗ ಬಿಡು, ಎಳ್ಕೋತೀನಿ. ಬಿಸಿಲು ಏರ್ತಿದೆ” ಎಂದೆ.

ಬಿಟ್ಟಳು. ಕೈಯಲ್ಲಿ ಹಗ್ಗ ಹಗುರವಾದಾಗ ಥಟ್ಟನೆ ತಲೆಯೆತ್ತಿ ನೋಡಿದೆ. ಅಲ್ಲೇ ನಿಂತಿದ್ದಳು, ಅಣ್ಣನ ಬೂಟಿನಲ್ಲಿ, ಬರಿಗೈಯಲ್ಲಿ.

ಒದ್ದೆ ಹಗ್ಗವನ್ನೆಲ್ಲ ಎಳೆದು, ಇಪ್ಪತ್ತು ಹೆಜ್ಜೆಯಷ್ಟು ಬಿಟ್ಟು ಉಳಿದದ್ದನ್ನು ನನ್ನ ಸೊಂಟಕ್ಕೆ ಸುತ್ತಿ ಕಟ್ಟಿಕೊಂಡು, ಅವಳು ಅಷ್ಟು ಹತ್ತಿರ ಬಂದ ಮೇಲೆ ಇನ್ನೊಂದು ತುದಿಯನ್ನು ಅವಳ ಕಡೆ ಎಸೆದೆ. ಎರಡು ಸಲ ತಪ್ಪಿತು. ಮೂರನೆಯ ಸಲ ಹಿಡಿದು, ಯಾಕೆಂದು ಕೇಳದೆ ಕಟ್ಟಿಕೊಂಡಳು.

“ಗಂಟು ಸರಿಯಾಗಿ ಹಾಕು.”

“ನಿನ್ನದು ನೋಡ್ಕೋ ಮೊದ್ಲು.”

ಸತ್ತ ಮೀನುಗಳನ್ನೂ ಬಲೆಯನ್ನೂ ಜಾರುಬಂಡಿಗೆ ಹಾಕಿಕೊಂಡು ದಡದ ಕಡೆ ಹೊರಟೆವು, ನಡುವೆ ಇಪ್ಪತ್ತು ಹೆಜ್ಜೆ ಹಗ್ಗ. ಹಾರೆ ಕೆಲವು ಕಡೆ ಒಂದೇ ಏಟಿಗೆ ಇಳಿಯಿತು. ಸುತ್ತು ಬಳಸಿ ನಡೆದೆವು. ಹಗ್ಗ ಬಿಗಿಯಾದಾಗ ನಾನು ನಿಲ್ಲುತ್ತಿದ್ದೆ, ಸಡಿಲವಾದಾಗ ನಡೆಯುತ್ತಿದ್ದೆ.