ರುದ್ರೇಶಿ ಮೂರನೇ ಸಲ ಕೇಳಿದ್ದೇನು?

ದಾಸನಕೊಪ್ಪದ ಗುರುಶಾಂತವ್ವನಿಗೆ ಹೊಲಿಗೆ ಮಷಿನ್ನಿನ ಆಸೆ. ತಪ್ಪೇನಿಲ್ಲ. ಸಾಲದ ಮೇಲೆ ಕೊಡಿಸುತ್ತೇನೆ ಎಂದು ಏಜೆಂಟ್ ರುದ್ರೇಶಿ ಬಂದ. ಆಕೆಯ ಎರಡೆಕರೆ ಹೊಲದ ಉತಾರ, ಅಂದರೆ ಪಹಣಿ ಕಾಗದ, ಇಸಿದುಕೊಂಡ, ಸಹಿ ಹಾಕಿಸಿಕೊಂಡ, ಆಕೆಯ ಹೆಸರಿನಲ್ಲಿ ಸಾಲ ಎತ್ತಿ ಪರಾರಿಯಾದ. ಮಷಿನ್ ಹೋಗಲಿ, ಒಂದು ಸೂಜಿಯೂ ಬರಲಿಲ್ಲ. ಗುರುಶಾಂತವ್ವ ಅಳುತ್ತ ಕೂರುವ ಪೈಕಿಯವಳಲ್ಲ. ನೆಟ್ಟಗೆ ಠಾಣೆಗೆ ಹೋಗಿ ಮೋಸದ ದೂರು ಕೊಟ್ಟು ಬಂದಳು.

ಅದಾಗಿ ಕೆಲವು ತಿಂಗಳಿಗೆ, ೨೦೦೯ರ ಒಂದು ಬೆಳಿಗ್ಗೆ, ಗಂಡ ಸಂಗಯ್ಯ ಚಹಾದಂಗಡಿಯಿಂದ ಮುಖ ಇಳಿಬಿಟ್ಟುಕೊಂಡು ಬಂದ.

"ರುದ್ರೇಶಿ ಕೋರ್ಟಿನ್ಯಾಗ ಮೂರನೇ ಸಲ ಜಮೀನು ಕೇಳ್ಯಾನಂತ."

ರೊಟ್ಟಿ ತಟ್ಟುತ್ತಿದ್ದ ಗುರುಶಾಂತವ್ವನ ಕೈ ನಿಂತಿತು. ಹೊಲದ ಕಾಗದ ಅವನ ಹತ್ತಿರವೇ ಇದೆ. ಈಗ ಹೊಲವನ್ನೇ ಕೇಳುತ್ತಿದ್ದಾನೆ, ಅದೂ ಮೂರು ಸಲ! ಆಕೆಯ ಅಪ್ಪ ಪ್ರೀತಿಯಿಂದ ಬರೆದುಕೊಟ್ಟ ಹೊಲ ಅದು.

ಸಂಗಯ್ಯನೋ, ಹಗ್ಗ ಕಂಡರೂ ಹಾವೆನ್ನುವ ಮನುಷ್ಯ. ರಾಜಿ ಕಾಗದಕ್ಕೆ ಸಹಿ ಹಾಕಿ ದೂರು ಬಿಟ್ಟರೆ ಎಲ್ಲ ತಣ್ಣಗಾಗುತ್ತದೆ ಎಂದು ರುದ್ರೇಶಿಯ ಭಾವ ಹಿಂದಿನ ದಿನವಷ್ಟೇ ಹೇಳಿ ಹೋಗಿದ್ದ. ಹಾಕಿಬಿಡು, ಹೊಲ ಉಳಿದರೆ ಸಾಕು ಎಂದು ಸಂಗಯ್ಯ ಜೀವ ತಿನ್ನತೊಡಗಿದ. ಕೊನೆಗೆ ಗುರುಶಾಂತವ್ವ ಕಣ್ಣೊರೆಸಿಕೊಂಡು, ಗಂಡನ ಜೊತೆ ಸಹಿ ಹಾಕಲು ಹೊರಟೇಬಿಟ್ಟಳು.

ದಾರಿಯಲ್ಲಿ ಅಂಗನವಾಡಿಯ ಗೀತಾ ಎದುರಾದಳು. ಶಿರಸಿಯಲ್ಲಿ ಕಾನೂನು ಸೇವಾ ಸಮಿತಿಯವರ ತರಬೇತಿ ಮುಗಿಸಿ ಬಂದವಳು. ಕೋರ್ಟಿನ ಕಾಗದವನ್ನು ಕಣ್ಣಾರೆ ನೋಡಿದಿರಾ ಎಂದು ಕೇಳಿದಳು. ಯಾರೂ ನೋಡಿರಲಿಲ್ಲ. ಇಬ್ಬರನ್ನೂ ಠಾಣೆಗೆ ಕರೆದೊಯ್ದು ಅರ್ಜಿಯ ಪ್ರತಿ ತೋರಿಸಿರೆಂದು ಹವಾಲ್ದಾರರನ್ನು ಕೇಳಿದಳು. ಓದುತ್ತ ಓದುತ್ತ ನಗು ತಡೆಯಲಾರದೆ ಬಾಯಿಗೆ ಸೆರಗು ಹಿಡಿದಳು.

"ಚಿಗವ್ವ, ಅಂವ ಜಮೀನು ಕೇಳಿಲ್ಲ, ಜಾಮೀನು ಕೇಳ್ಯಾನ. ಪೊಲೀಸ್ರು ಹಿಡಿದ್ರ ಜಾಮೀನಿನ ಮ್ಯಾಲ ಬಿಡ್ಲಿ ಅಂತ ಮೊದಲ ಬೇಡಿಕೊಳ್ಳೂದು. ನಿರೀಕ್ಷಣಾ ಜಾಮೀನು ಅಂತಾರ ಇದಕ್ಕ."

ಒಂದು ದೀರ್ಘ ತಪ್ಪಿದ್ದಕ್ಕೆ ಎರಡೆಕರೆ ಹೊಲವೇ ಕೈಬಿಟ್ಟಂತಾಗಿತ್ತು! ಗುರುಶಾಂತವ್ವ ಗಂಡನ ಮುಖ ನೋಡಿದಳು. ಗಂಡ ಮೇಲೆ ತಿರುಗುವ ಫ್ಯಾನು ನೋಡಿದ. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಹವಾಲ್ದಾರರೂ ನಕ್ಕರು.

ಆದರೂ ಸಂಗಯ್ಯನ ಸಂಶಯ ಹೋಗಲಿಲ್ಲ. ಅಳುವ ಕೂಸಿಗೇ ಹಾಲು. ಬಿಡದೆ ಕೇಳಿದರೆ ಕೋರ್ಟು ಬೇಸತ್ತು ಕೊಡುವುದಿಲ್ಲವೇ ಎಂದ.

"ಕೋರ್ಟು ಹಡೆದವ್ವ ಅಲ್ಲ, ಕಾಕಾ," ಎಂದಳು ಗೀತಾ. "ಕೇಳಾಕ ಯಾರಿಗೂ ಅಡ್ಡಿ ಇಲ್ಲ. ಆದ್ರ ಒಮ್ಮೆ ಆಗಂಗಿಲ್ಲ ಅಂದಮ್ಯಾಲ ಮತ್ತ ಕೇಳಬೇಕಂದ್ರ ಹೊಸಾ ಸಂಗತಿ ಏನರ ಇರಬೇಕು. ಇದರಾಗ ಅದೂ ಇಲ್ಲ, ಹಿಂದಿನ ಎರಡು ಅರ್ಜಿ ವಜಾ ಆದ ಸುದ್ದಿನೂ ಇಲ್ಲ. ಮುಚ್ಚಿಟ್ಟಾನ."

ಜಾಮೀನು ಸಿಕ್ಕರೂ ಆರೋಪಿ ಗೆದ್ದ ಎಂದಲ್ಲ, ಕೇಸು ನಡೆಯುತ್ತಲೇ ಇರುತ್ತದೆ ಎಂದೂ ಹೇಳಿದಳು. ದೂರು ಕೊಟ್ಟವರು ಸರ್ಕಾರಿ ವಕೀಲರಿಗೆ ತಮ್ಮ ಮಾತು ಮುಟ್ಟಿಸಬಹುದು. ಹೆಂಗಸರಿಗೆ ಸಮಿತಿಯಿಂದ ಪುಕ್ಕಟೆ ವಕೀಲರೂ ಸಿಗುತ್ತಾರೆ. ರಾಜಿಗೆ ಸಹಿ ಹಾಕಿದ್ದರೆ ಮಾತ್ರ ರುದ್ರೇಶಿ ಎತ್ತಿದ ಸಾಲ ಗುರುಶಾಂತವ್ವನ ಕುತ್ತಿಗೆಗೇ ಬೀಳುತ್ತಿತ್ತು.

ಅಂದೇ ಆ ಎರಡು ಅರ್ಜಿ ವಜಾ ಮಾಡಿದ ಆದೇಶಗಳ ಪ್ರತಿಯನ್ನು ಗುರುಶಾಂತವ್ವ ಠಾಣೆಯಿಂದ ಪಡೆದು ಸರ್ಕಾರಿ ವಕೀಲರ ಕೈಗೆ ಮುಟ್ಟಿಸಿದಳು. ಮೂರನೇ ಅರ್ಜಿಯೂ ವಜಾ ಆಯಿತು. ವಾರದೊಳಗೆ ರುದ್ರೇಶಿ ಸಿಕ್ಕಿಬಿದ್ದ. ಗುರುಶಾಂತವ್ವ ಓಣಿಗೆಲ್ಲ ಮಾದಲಿ ಹಂಚಿದಳು.

ಅಷ್ಟಾದರೂ ಭಾವ ಮತ್ತೆ ರಾಜಿ ಕಾಗದ ಹಿಡಿದು ಬಂದ. ಈ ಸಲ ಬಾಗಿಲಲ್ಲಿ ಅಡ್ಡ ನಿಂತವನು ಸಂಗಯ್ಯ.

"ಜಾಮೀನು ಕೇಳೂದು ನಿಮ್ಮಂವನ ಹಕ್ಕು. ಯಾಕ ಕೊಡಬಾರದು ಅಂತ ಹೇಳೂದು ನಮ್ಮಾಕಿ ಹಕ್ಕು. ಹೋಗಿ ಬರ್ರಿ."

ಓದುತ್ತಿರುವ ಅಕ್ಕ, ಕೇಳುತ್ತಿರುವ ಅಣ್ಣ, ಕೋರ್ಟಿನ ಸುದ್ದಿಯನ್ನು ಚಹಾದಂಗಡಿಯಲ್ಲಿ ತಿಳಿಯಬೇಡಿ. ಕಾಗದ ಓದಿಸಿ ಕೇಳಿ. ಯಾವುದಕ್ಕೂ ಸಹಿ ಹಾಕುವ ಮೊದಲು ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ ವಿಚಾರಿಸಿ. ಮೋಸ ಮಾಡಿದವನು ಮೂರು ಮೂರು ಸಲ ಕೇಳಲು ನಾಚಲಿಲ್ಲ. ಮೋಸ ಹೋದ ನೀವು ಒಂದು ಸಲ ಕೇಳಲು ಯಾಕೆ ನಾಚಬೇಕು?