ಬರೆದವಳು ನಮ್ಮಕ್ಕ

ಬೆಂಗಳೂರಿನಿಂದ ಟಾಕಿ ತೆಗೆಯುವವರೊಬ್ಬರು ಮಧುಗಿರಿಗೆ ಬಂದು ತನ್ನನ್ನು ಹುಡುಕುತ್ತಿದ್ದಾರೆ ಎಂದು ಕೇಳಿದಾಗ ಶಿವರುದ್ರಮ್ಮನಿಗೆ ಮೊದಲು ನಗು ಬಂತು. ಐವತ್ತು ದಾಟಿದ, ಮಂಡಿನೋವಿನ ಹೆಂಗಸಿನಿಂದ ಟಾಕಿಯವರಿಗೆ ಏನಾಗಬೇಕು? ಆದರೆ ಬಂದವರು ಜಗಲಿಯ ಮೇಲೆ ಕೂತು, ಕೊಟ್ಟ ಮಜ್ಜಿಗೆ ಕುಡಿದು, ನಿಮ್ಮಕ್ಕ ಸರ್ವಮಂಗಳಮ್ಮನವರ ಜೀವನವನ್ನು ಚಿತ್ರ ಮಾಡಬೇಕೆಂದಿದ್ದೇನೆ ಎಂದಾಗ ಆ ನಗು ಅಲ್ಲೇ ನಿಂತಿತು. ಅಕ್ಕ ಸತ್ತು ಇಪ್ಪತ್ತೆಂಟು ವರ್ಷವಾಗಿತ್ತು. ಹೊರಗಿನವರ ಬಾಯಲ್ಲಿ ಆ ಹೆಸರನ್ನು ಮರ್ಯಾದೆಯಿಂದ ಕೇಳಿದ್ದು ಅದೇ ಮೊದಲು.

ಬಂದವರ ಹೆಸರು ವೆಂಕಟರಾಮಯ್ಯ. ನಾಟಕದ ಕಂಪನಿ ನಡೆಸಿ ಕೈ ಸುಟ್ಟುಕೊಂಡು, ಯುದ್ಧ ಮುಗಿದ ಮೇಲೆ ಚಿತ್ರದ ಕಡೆ ತಿರುಗಿದ್ದರು. ಹಳೆಯ ಮಾಸಪತ್ರಿಕೆಯೊಂದರಲ್ಲಿ ಅಕ್ಕನ ಕಥೆಗಳು ಕಣ್ಣಿಗೆ ಬಿದ್ದು, ಹೆಣ್ಣುಮಕ್ಕಳಿಗೆ ಓದು ಯಾಕೆ ಅನ್ನುತ್ತಿದ್ದ ಕಾಲದಲ್ಲಿ ಕೊರಟಗೆರೆಯಲ್ಲಿ ಕೂತು ಇಷ್ಟು ಚೆನ್ನಾಗಿ ಬರೆದವಳು ಯಾರಪ್ಪಾ ಎಂದು ಬೆರಗಾಗಿ ಬಂದಿದ್ದರು. ಒಳ್ಳೆಯ ಮನುಷ್ಯ, ಸುಳ್ಳೇಕೆ ಹೇಳಬೇಕು. ಕೇಡು ಮಾಡುವವರೆಲ್ಲ ಕೆಟ್ಟವರೇ ಆಗಿದ್ದರೆ ನಾವೆಲ್ಲ ಎಂದೋ ಹುಷಾರಾಗಿಬಿಡುತ್ತಿದ್ದೆವು. ಶಿವರುದ್ರಮ್ಮ ಅವರನ್ನು ಊಟಕ್ಕೆ ನಿಲ್ಲಿಸಿಕೊಂಡಳು.

ಅಕ್ಕನನ್ನು ಕೊಟ್ಟಿದ್ದು ಕೊರಟಗೆರೆಯ ಜವಳಿ ವ್ಯಾಪಾರದ ಮನೆಗೆ. ಸೊಸೆ ಒಂದು ಗಳಿಗೆ ಸುಮ್ಮನೆ ಕೂತರೆ ಅತ್ತೆಗೆ ಮೈಯೆಲ್ಲ ಉರಿ. ಆ ಮನೆಯಲ್ಲಿ ಅವಳನ್ನು ಕೂರಲು ಬಿಡುತ್ತಿದ್ದದ್ದು ಒಂದೇ ಹೊತ್ತು: ಮಿಂದು, ವಿಭೂತಿ ಧರಿಸಿ, ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತಾಗ. ಲಿಂಗಪೂಜೆಗೆ ಕೂತವರನ್ನು ಯಾರೂ ಮಾತಾಡಿಸುವಂತಿಲ್ಲ, ಅತ್ತೆ ಕೂಡ. ಅಕ್ಕ ಬರೆದದ್ದೆಲ್ಲ ಆ ಹೊತ್ತಿನಲ್ಲಿ. ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ಸೀಸದ ಕಡ್ಡಿ, ಮಂಡಿಯ ಪಕ್ಕದಲ್ಲಿ ಅಂಗಡಿಯ ಬಟ್ಟೆ ಸುತ್ತಿ ಬಂದ ಕಾಗದ. ವಾಕ್ಯ ಸರಿಯಾಗಿ ಬಂತೋ ಇಲ್ಲವೋ ಎಂದು ಬಾಯಲ್ಲೇ ಹೇಳಿಕೊಂಡು ನೋಡುತ್ತಿದ್ದಳು. ಬಾಗಿಲಾಚೆಯಿಂದ ಅತ್ತೆ ಅದನ್ನು ಮಂತ್ರವೆಂದುಕೊಂಡು, ನಮ್ಮ ಸೊಸೆಗೆ ಏನು ಭಕ್ತಿ ಅಂತೀರಿ ಎಂದು ನೆರೆಮನೆಯವರ ಮುಂದೆ ಬೀಗುತ್ತಿದ್ದಳು.

ಇದನ್ನು ಕಂಡವಳು ಶಿವರುದ್ರಮ್ಮ ಒಬ್ಬಳೇ. ಮದುವೆಗೆ ಮೊದಲು ಅಕ್ಕನ ಮನೆಯಲ್ಲಿ ಕೈಯಾಸರೆಗೆಂದು ಇದ್ದಾಗ, ಪೂಜೆಗೆ ಅವಳ ಪಕ್ಕದಲ್ಲೇ ಕೂರುತ್ತಿದ್ದಳು. ಬಾವಿಯಲ್ಲಿ ನೀರು ಸೇದುವ ಹೆಂಗಸಿನ ಬೆನ್ನಿನ ಬಗ್ಗೆ ಒಂದೇ ಒಂದು ವಾಕ್ಯವನ್ನು ಅಕ್ಕ ವಾರವೆಲ್ಲ ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ಕೊನೆಗೆ ತಂಗಿಯನ್ನೇ ಹಿತ್ತಲ ಬಾವಿಗೆ ಅಟ್ಟಿ, ಸಾಕು ಸಾಕೆನ್ನುವಷ್ಟು ನೀರು ಸೇದಿಸಿ, ಕಿಟಕಿಯಲ್ಲಿ ನಿಂತು ನೋಡಿದಳು. ಆಮೇಲೆ ವಾಕ್ಯ ಬಂತು. ಶಿವರುದ್ರಮ್ಮನ ಅಂಗೈಯಲ್ಲಿ ಬೊಬ್ಬೆಯೂ ಬಂತು.

ಮನೆಯ ಹುಡುಗರಿಗೆ ಪಾಠ ಹೇಳಲು ಬರುತ್ತಿದ್ದ ರೇಣುಕಯ್ಯ ಮೇಷ್ಟ್ರು ಆ ಕಥೆಗಳನ್ನು ಪತ್ರಿಕೆಗೆ ಅಂಚೆಯಲ್ಲಿ ಹಾಕುತ್ತಿದ್ದರು. ಅಕ್ಕನ ಹೆಸರು ಅಚ್ಚಾಗಿ ಬಂದದ್ದೇ ತಡ, ಊರಿನ ನಾಲಿಗೆ ಹೊರಳಿತು. ಇದು ಹೆಂಗಸಿನ ಬರಹವಲ್ಲ, ಮೇಷ್ಟ್ರು ಬರೆದುಕೊಟ್ಟದ್ದು. ಯಾಕೆ ಬರೆದುಕೊಟ್ಟ ಎಂದು ಬೇರೆ ಕೇಳಬೇಕೆ? ಗಂಡ ನಾಗಲಿಂಗಯ್ಯ ಹಿರಿಯರನ್ನು ನಡುಮನೆಯಲ್ಲಿ ಕೂರಿಸಿಕೊಂಡು ಹೆಂಡತಿಯನ್ನು ವಿಚಾರಿಸಿದ. ನಾನೇ ಬರೆದೆ ಎಂದಳು ಅಕ್ಕ. ಹಾಗಾದರೆ ಯಾವ ಹೊತ್ತಿನಲ್ಲಿ ಬರೆದೆ, ಈ ಮನೆಯಲ್ಲಿ ನಿನಗೆ ಪುರುಸೊತ್ತು ಎಲ್ಲಿತ್ತು ಎಂದು ಕೇಳಿದರು. ಅದಕ್ಕೆ ಅವಳು ಬಾಯಿ ತೆರೆಯಲಿಲ್ಲ.

ಶಿವರುದ್ರಮ್ಮ ಕದದ ಹಿಂದೆ ಇದ್ದಳು. ಅಂದು ಬೆಳಗ್ಗೆಯೇ ಅಕ್ಕ ಅವಳ ರಟ್ಟೆ ಹಿಡಿದು ಹೇಳಿದ್ದಳು: “ಬಾಯಿ ಬುಡಬ್ಯಾಡ ಕಣೇ. ಪೂಜೇಲಿ ಕೂತು ಬರ್ದೆ ಅಂದ್ರೆ ಲಿಂಗಕ್ಕೇ ಮೋಸ ಮಾಡ್ದೋಳು ಅಂತಾರೆ. ಮಕ್ಕಳ್ನ ಇಟ್ಕೊಂಡು ನನ್ನ ಆಚೆಗೆ ಹಾಕ್ತಾರೆ.” ಶಿವರುದ್ರಮ್ಮ ಬಾಯಿ ಬಿಡಲಿಲ್ಲ. ಮೇಷ್ಟ್ರು ಊರು ಬಿಟ್ಟರು. ಅಕ್ಕ ಮತ್ತೆ ಬರೆಯಲಿಲ್ಲ. ಪೂಜೆಯನ್ನೂ ಬೇಗ ಮುಗಿಸಿ ಏಳುತ್ತಿದ್ದಳು. ಇನ್‌ಫ್ಲುಯೆಂಜಾ ಬಂದ ವರ್ಷ ಅವಳೂ ಹೋದಳು. ಮಾತು ಮಾತ್ರ ಊರಲ್ಲಿ ಉಳಿಯಿತು.

ಇಷ್ಟನ್ನೂ ಶಿವರುದ್ರಮ್ಮ ವೆಂಕಟರಾಮಯ್ಯನವರ ಮುಂದೆ ಹೇಳಿಬಿಟ್ಟಳು. ಅಕ್ಕನ ಅತ್ತೆ, ಭಾವ ಇಬ್ಬರೂ ತೀರಿಕೊಂಡಿದ್ದರು. ಮಕ್ಕಳು ಸ್ವಂತ ಮನೆ ಮಾಡಿಕೊಂಡಿದ್ದರು. ಇನ್ನು ಯಾರಿಗೆ ಹೆದರಬೇಕು? ಹೇಳುತ್ತ ಹೇಳುತ್ತ ಅತ್ತಳು. ಆಕೆ ಕೇಳಿದ್ದು ಒಂದನ್ನೇ. “ಅವಳೇ ಅವಳ ಕೈಯಾರೆ ಬರ್ದ್ಲು ಅಂತ ತೋರ್ಸಿ ಸ್ವಾಮಿ. ನಾಲ್ಕು ಜನ ನೋಡ್ಲಿ. ನಂಗೆ ಅಷ್ಟು ಸಾಕು.” ಅವರೂ ಕಣ್ಣೊರೆಸಿಕೊಂಡು ಆಗಲಿ ತಾಯಿ ಎಂದರು.

ಮುಂದಿನ ಬೇಸಗೆಯಲ್ಲಿ ಚಿತ್ರ ಮಧುಗಿರಿಯ ಟೆಂಟಿಗೆ ಬಂತು. ವೆಂಕಟರಾಮಯ್ಯನವರು ತಾವೇ ಬಂದು ಶಿವರುದ್ರಮ್ಮನನ್ನು ಸಂಜೆಯ ಆಟಕ್ಕೆ ಕರೆದೊಯ್ದು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ತೆರೆಯ ಮೇಲಿನ ಹುಡುಗಿ ಅಕ್ಕನಿಗಿಂತ ಬೆಳ್ಳಗೆ, ದುಂಡಗೆ ಇದ್ದಳು. ಹೋಗಲಿ, ಅದಕ್ಕೆ ಯಾರು ಏನು ಮಾಡಲಾಗುತ್ತದೆ! ಅತ್ತೆ ಬೈದಳು, ಟೆಂಟಿನ ಹೆಂಗಸರು ಲೊಚಗುಟ್ಟಿದರು. ಕೊನೆಗೆ ಹುಡುಗಿ ಪೂಜೆಗೆ ಕೂತಳು. ಶಿವರುದ್ರಮ್ಮ ಸೆರಗು ಬಿಗಿಹಿಡಿದು ಮುಂದಕ್ಕೆ ಬಾಗಿದಳು.

ಹುಡುಗಿ ಕಣ್ಣು ಮುಚ್ಚಿ ಒಂದು ಹಾಡು ಹೇಳಿದಳು. ಅಂಗೈಯ ಲಿಂಗದಿಂದ ಬೆಳಕು ಹೊರಟಿತು. ಕಾಗದದ ಮೇಲೆ ಬಿದ್ದಿದ್ದ ಸೀಸದ ಕಡ್ಡಿ ತಾನಾಗಿ ಎದ್ದು ನಿಂತು ಸಾಲು ಸಾಲಾಗಿ ಬರೆಯತೊಡಗಿತು. ಒಂದು ಅಕ್ಷರ ತಪ್ಪಿಲ್ಲ, ಒಂದು ಹೊಡೆದುಹಾಕಿದ ಗೀಟಿಲ್ಲ. ಹುಡುಗಿ ಕಣ್ಣೇ ತೆರೆಯಲಿಲ್ಲ. ಟೆಂಟಿನಲ್ಲಿ ಶಿವ ಶಿವಾ ಎಂಬ ಉದ್ಗಾರವೆದ್ದಿತು. ಯಾರೋ ಎದ್ದುಹೋಗಿ ಪರದೆಯ ಮುಂದೆ ತೆಂಗಿನಕಾಯಿ ಒಡೆದರು.

ಆಟ ಮುಗಿದಾಗ ವೆಂಕಟರಾಮಯ್ಯನವರ ಮುಖ ಅರಳಿತ್ತು. ಪೂಜೆಯ ಹೊತ್ತಿನಲ್ಲಿ ಕಥೆ ಬರೆದಳೆಂದು ತೋರಿಸಿದರೆ ಸಮಾಜದ ಹಿರಿಯರು ಚಿತ್ರವನ್ನು ಓಡಗೊಡುವುದಿಲ್ಲ ಎಂದಿದ್ದರಂತೆ. ರಾತ್ರಿಯೆಲ್ಲ ಯೋಚಿಸಿ ಈ ದಾರಿ ಹುಡುಕಿದರಂತೆ. ಈಗ ಪೂಜೆಯೂ ಉಳಿಯಿತು, ಬರಹವೂ ಉಳಿಯಿತು, ಮೇಷ್ಟ್ರ ಅಪವಾದವೂ ಕಳೆಯಿತು. ಆಕೆ ಉತ್ತರ ಕೊಡುವ ಮೊದಲೇ ಕೊರಳಿಗೆ ಹಾರ ಹಾಕಿ, ಜನರ ಎದುರು ನಿಲ್ಲಿಸಿ, ಇವರೇ ಆ ಮಹಾತಾಯಿಯ ಒಡಹುಟ್ಟಿದ ತಂಗಿ ಎಂದು ಕೂಗಿ ಹೇಳಿದರು.

ಅಂದು ಕದದ ಹಿಂದೆ ನಿಂತು ನುಂಗಿದ ಮಾತನ್ನು ಶಿವರುದ್ರಮ್ಮ ಇಂದು ಆಡಿದಳು. “ಬದುಕಿದ್ದಾಗ ಮೇಷ್ಟ್ರು ಬರ್ಕೊಟ್ರು ಅಂದ್ರಿ. ಈಗ ಶಿವ ಬರ್ಕೊಟ್ಟ ಅಂತೀರಿ. ಬರ್ದೋಳು ನಮ್ಮಕ್ಕ. ಪಕ್ಕದಲ್ಲಿ ಕೂತು ನಾನೇ ಕಣ್ಣಾರೆ ನೋಡಿದೀನಿ.”

ಮುಂದೆ ಮರಳಿನ ಮೇಲೆ ಕೂತಿದ್ದ ಹೆಂಗಸೊಬ್ಬಳು ಎದ್ದು ಬಂದು, ಕಣ್ಣಾರೆ ನೋಡಿದ್ರಾ ತಾಯಿ ಎನ್ನುತ್ತ ಆಕೆಯ ಕಾಲಿಗೆ ಬಿದ್ದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು.

“ಅಂಗಲ್ಲ ಕಣಮ್ಮ,” ಎಂದಳು ಶಿವರುದ್ರಮ್ಮ. “ಗೀಟು ಹೊಡೆದು ಹೊಡೆದು ತಿದ್ದಿ ಬರೀತಿದ್ಲು. ಒಂದು ಸಾಲಿಗೆ ವಾರಗಟ್ಲೆ ಒದ್ದಾಡ್ತಿದ್ಲು.”

“ಶಿವನೇ ತಿದ್ದಿಸ್ದ ಕಣಮ್ಮ,” ಎಂದಳು ಕಾಲು ಹಿಡಿದವಳು, ಕಣ್ಣಲ್ಲಿ ನೀರು ತುಂಬಿಕೊಂಡು.

ಯಾರೋ ಕೂಸೊಂದನ್ನು ತಂದು ಶಿವರುದ್ರಮ್ಮನ ಕೈಯನ್ನು ಅದರ ತಲೆಗೆ ಮುಟ್ಟಿಸಿದರು. ಆಕೆಗೆ ತಡೆಯಲಾಗಲಿಲ್ಲ. ಅಕ್ಕನ ಹೆಸರು ಹಿಡಿದು, ಅಷ್ಟು ಜನರ ನಡುವೆ ಗಟ್ಟಿಯಾಗಿ ಅತ್ತುಬಿಟ್ಟಳು. ಅವರೆಲ್ಲ ಅದನ್ನೂ ಭಕ್ತಿಯೆಂದೇ ತಿಳಿದು ಕೈ ಮುಗಿದು ನಿಂತರು.