ಕರೆಂಟಿಲ್ಲದೆ ಹಾಡಿದ ಪೆಟ್ಟಿಗೆ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತನಾಗಿದ್ದ ಪಾಪಯ್ಯನಿಗೆ ಬೀಡಿ, ಇಸ್ಪೀಟು, ನಾಟಕ ಯಾವ ಚಟವೂ ಇರಲಿಲ್ಲ. ಅದನ್ನು ವಿಚಾರಿಸಿಕೊಂಡೇ ಸಾದಲಿಯ ಮಾವ ಅವನಿಗೆ ಮಗಳನ್ನು ಕೊಟ್ಟಿದ್ದು. ಅವನಿಗೆ ಸ್ಪೀಕರಿನ ಹುಚ್ಚಿದೆ ಎಂಬುದು ಲಕ್ಷ್ಮೀನರಸಮ್ಮನಿಗೆ ತಿಳಿದದ್ದು ಮದುವೆಯಾದ ಮೇಲೆ.

ಹಾಡಿನ ಹುಚ್ಚಲ್ಲ, ಸ್ಪೀಕರಿನದು. ಯಾರು ಹಾಡಿದರೂ ಅವನಿಗೆ ಒಂದೇ. ಮೃದಂಗದ ಗುಂಕಾರ ಎದೆಗೆ ಬಂದು ತಾಗಬೇಕು, ತಂಬೂರಿಯ ತಂತಿ ಪಕ್ಕದಲ್ಲೇ ಮಿಡಿದಂತಿರಬೇಕು, ಅಷ್ಟೆ. ರಜೆ ಸಿಕ್ಕಿತೆಂದರೆ ಬೆಂಗಳೂರಿನ ಬಸ್ಸು ಹತ್ತಿ, ಯುದ್ಧಕಾಲದಲ್ಲಿ ದಂಡಿನವರು ಬಿಟ್ಟುಹೋದ ಹಳೇ ಸಾಮಾನಿನ ರಾಶಿಯಲ್ಲಿ ವಿಲಾಯಿತಿ ಸ್ಪೀಕರುಗಳನ್ನು ಹುಡುಕಿ, ಕೂಸನ್ನು ತಂದಂತೆ ಎದೆಗವಚಿಕೊಂಡು ತರುತ್ತಿದ್ದ. ಹಲಸಿನ ಹಲಗೆಯಲ್ಲಿ ಪೆಟ್ಟಿಗೆ ಮಾಡಿಸಿ, ಅದರೊಳಗೆ ನೂಲು ಬಿಚ್ಚಿದ ಮೇಲೆ ಉಳಿಯುವ ರೇಷ್ಮೆಯ ಸಿಕ್ಕನ್ನು ಹಾಸಿಗೆಯಂತೆ ಒತ್ತಿ ತುಂಬುತ್ತಿದ್ದ.

“ಹಿಂಗೆ ತುಂಬಿದ್ರೆ ಸದ್ದು ಡೊಳ್ಳಿನಂಗೆ ಮೊಳಗಲ್ಲ ಕಣೇ,” ಎನ್ನುತ್ತಿದ್ದ.

ಸದ್ದಿನ ಕಥೆ ಏನೋ, ಮನೆಯಂತೂ ಬೇಯಿಸಿದ ಗೂಡಿನ ವಾಸನೆ ಹೊಡೆಯುತ್ತಿತ್ತು. ಒಂದು ದಿನ ಹೆಂಡತಿ ತವರಿಗೆ ಹೋಗಿದ್ದಾಗ ರಾಗಿಯ ಗುಡಾಣದ ಮೇಲೂ ಅವನ ಕಣ್ಣು ಬಿತ್ತು. ಅವಳು ಹಿಂತಿರುಗಿದಾಗ ರಾಗಿಯೆಲ್ಲ ಮಂಚದ ಮೇಲಿತ್ತು. ಗುಡಾಣದೊಳಗಿಂದ ರೇಡಿಯೋದವರು ಪ್ರದೇಶ ಸಮಾಚಾರ ಓದುತ್ತಿದ್ದರು.

“ಈ ಡಬ್ಬಗಳ್ನ ಮಾರಿ, ಇಲ್ಲಾ ನನ್ನ ಸಾದಲಿ ಬಸ್ಸಿಗೆ ಹತ್ತಿಸಿ,” ಎಂದಳು ಲಕ್ಷ್ಮೀನರಸಮ್ಮ.

ಎರಡರಲ್ಲಿ ಯಾವುದು ವಾಸಿ ಎಂದು ಪಾಪಯ್ಯ ಯೋಚನೆಗೆ ಬಿದ್ದ. ಅವಳಿಗೆ ಎಲ್ಲಕ್ಕಿಂತ ಉರಿದದ್ದು ಅದು.

ಕೊನೆಗೆ ಡಬ್ಬಗಳನ್ನೇ ಮಾರುವುದೆಂದಾಗಿ, ಆ ಮನೆಯ ನಡುಮನೆಯಲ್ಲಿ ವ್ಯಾಪಾರ ಶುರುವಾಯಿತು. ಮೊದಲ ಪೆಟ್ಟಿಗೆಯನ್ನು ಕೊಂಡವನು ಪಕ್ಕದ ಹಿಟ್ಟಿನ ಗಿರಣಿಯ ಮುನಿಶಾಮಪ್ಪ. ಗಿರಣಿಯ ಗದ್ದಲದ ನಡುವೆಯೂ ರೇಡಿಯೋದ ಪ್ರತಿ ಮಾತು ಬಿಡಿಬಿಡಿಯಾಗಿ ಕೇಳಿಸುತ್ತದೆಂದು ಅವನು ರಾಗಿ ಬೀಸಿಸಲು ಬಂದವರಿಗೆಲ್ಲ ಹೇಳಿದ. ಸುದ್ದಿ ರಾಗಿ ಚೀಲದ ಜೊತೆ ಊರೂರಿಗೆ ಹೋಯಿತು. ಕೈವಾರದವರು ಬಂದರು, ಚಿಕ್ಕಬಳ್ಳಾಪುರದ ವಕೀಲರೊಬ್ಬರು ಬಂದರು. ಕೊನೆಗೆ ಚಿಂತಾಮಣಿಯ ನರಸಿಂಹಪ್ಪನವರೇ ಬರುತ್ತಾರೆಂದು ಹೇಳಿಕಳಿಸಿದರು.

ನರಸಿಂಹಪ್ಪನವರು ಹೊಲ, ತೋಟ, ಹೊಸ ತಾರಸಿ ಮನೆ ಎಲ್ಲ ಇದ್ದ ದೊಡ್ಡ ಕುಳ. ಆದರೆ ಅವರ ಹೆಮ್ಮೆಯೆಲ್ಲ ಅವರ ಕಿವಿಯ ಮೇಲೆ. ಯಾವ ಸಂಗೀತ ಕಚೇರಿಯಾದರೂ ಮುಂದಿನ ಸಾಲಿನಲ್ಲಿ ಕೂತು, ಅಪಸ್ವರ ಬಂದರೂ ಬಾರದಿದ್ದರೂ ಮುಖ ಕಿವುಚುತ್ತಿದ್ದರು. ಅವರು ಒಪ್ಪಿದರೆಂದರೆ ಚಿಂತಾಮಣಿಯ ಅರ್ಧ ಪೇಟೆ ಒಪ್ಪಿದಂತೆ.

ಅವರಿಗಾಗಿ ಪಾಪಯ್ಯ ಆಳೆತ್ತರದ ಪೆಟ್ಟಿಗೆ ಮಾಡಿ, ಮುಂದೆ ಕಂದು ಬಟ್ಟೆ ಬಿಗಿದು, ನಡುಮನೆಗೂ ಅಡುಗೆಮನೆಗೂ ನಡುವಿದ್ದ, ಸರಳಿಲ್ಲದ ತಗ್ಗು ಕಿಟಕಿಗೆ ಒರಗಿಸಿ ನಿಲ್ಲಿಸಿದ್ದ. ಅವರು ಬರುವ ದಿನ ಬೆಳಿಗ್ಗೆ ಇನ್ನೊಂದು ಸಲ ಹಾಕಿ ನೋಡಿದ. ಪೆಟ್ಟಿಗೆಗೆ ಸದ್ದು ಕೊಡುವ ಆಂಪ್ಲಿಫೈಯರಿನೊಳಗೆ ಚಟ್ ಎಂದಿತು. ಗಾಜಿನ ಬುರುಡೆಯಂಥ ವಾಲ್ವೊಂದು ಸುಟ್ಟು ಕಪ್ಪಾಗಿ ಕೂತಿತ್ತು. ಕೆಂಪು ದೀಪ ಹತ್ತುತ್ತಿತ್ತು, ಗ್ರಾಮಫೋನಿನ ಪ್ಲೇಟು ತಿರುಗುತ್ತಿತ್ತು, ಸದ್ದು ಮಾತ್ರ ಇಲ್ಲ. ಬೇರೆ ವಾಲ್ವು ಬೇಕೆಂದರೆ ಬೆಂಗಳೂರಿಗೇ ಹೋಗಬೇಕು.

ಪಾಪಯ್ಯ ಗೋಡೆಗೆ ತಲೆಯಾನಿಸಿ ಕೂತುಬಿಟ್ಟ.

“ಅಳ್ಬೇಡಿ, ಮಾನ ಹೋಯ್ತದೆ,” ಎಂದಳು ಹೆಂಡತಿ. “ಆ ಡಬ್ಬದ ಹಿಂದಿನ ಹಲಗೆ ತೆಗೀರಿ. ಸ್ಪೀಕರೂ ಬಿಚ್ಚಿ. ಕಿಟಕಿ ಹಿಂದೆ ಕೂತು ನಾನೇ ಒಂದು ಹಸೆ ಹಾಡು ಹಾಡ್ತೀನಿ.”

“ನೀನಾ? ತಲೆ ಕೆಟ್ಟೈತೇನೇ?”

“ಮನುಷ್ಯರು ಹಾಡ್ದಂಗೇ ಕೇಳಿಸ್ತದೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೋರು ಯಾರು? ಇವತ್ತೊಂದಿನ ಆ ಮಾತು ನಿಜ ಆಗ್ಲಿ ಬಿಡಿ.”

ಬೀದಿಯಲ್ಲಿ ಕಾರಿನ ಹಾರನ್ನು ಕೇಳಿಸಿತು. ಪಾಪಯ್ಯನ ಕೈ ತಾನಾಗಿಯೇ ತಿರುಪುಳಿಯತ್ತ ಹೋಯಿತು.

ನರಸಿಂಹಪ್ಪನವರು ಹೆಂಡತಿ ಕದಿರಮ್ಮನವರ ಜೊತೆ ಒಳಗೆ ಬಂದು, ಪೆಟ್ಟಿಗೆಯ ಸುತ್ತ ಮೂಗು ಆಡಿಸಿ, “ಏನಪ್ಪಾ ಇದು, ಗೂಡು ಬೇಯ್ಸಿದ ವಾಸ್ನೆ?” ಎಂದರು.

“ಒಳ್ಳೇ ಸ್ಪೀಕರಿಗೆಲ್ಲ ಹಂಗೇ ಬರ್ತದೆ ಸ್ವಾಮಿ,” ಎಂದ ಪಾಪಯ್ಯ.

ಪ್ಲೇಟು ತಿರುಗಿಸಿ, ಸೂಜಿ ಇಳಿಸಿ, ನೀರು ನೆತ್ತಿಗೇರಿದವನಂತೆ ಜೋರಾಗಿ ಕೆಮ್ಮಿದ. ಅದೇ ಸನ್ನೆ. ಕಂದು ಬಟ್ಟೆಯ ಹಿಂದಿನಿಂದ ಹಾಡು ಎದ್ದಿತು. ಮದುವೆಯಲ್ಲಿ ಹೆಣ್ಣನ್ನು ಹಸೆಗೆ ಕರೆಯುವ ಹಾಡು. ಹಲಸಿನ ಪೆಟ್ಟಿಗೆಯೊಳಗೆ ಸುತ್ತಿ, ರೇಷ್ಮೆಯ ಮೆತ್ತೆಯನ್ನು ಸವರಿಕೊಂಡು, ತುಂಬಿಕೊಂಡು ಬರುತ್ತಿತ್ತು. ಪಾಪಯ್ಯನಿಗೇ ಒಂದು ಕ್ಷಣ ಅನುಮಾನವಾಯಿತು. ಇಷ್ಟು ವರ್ಷ ಈ ಗಂಟಲು ತನ್ನ ಮನೆಯಲ್ಲೇ ಇತ್ತೇ?

ನರಸಿಂಹಪ್ಪನವರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕತೊಡಗಿದರು. “ಅಬ್ಬಬ್ಬಾ, ಏಮಿ ಗೊಂತಯ್ಯಾ! ಏನು ಕಂಠ! ಉಸಿರು ಎಳ್ಕೊಳೋದೂ ಕೇಳಿಸ್ತದಲ್ಲ! ವಿಲಾಯಿತಿ ಮಾಲು ಅಂದ್ರೆ ಇದಪ್ಪ!”

ಆಗ ಪಕ್ಕದ ಗಿರಣಿಯ ಸದ್ದು ಇಳಿಯುತ್ತ ಇಳಿಯುತ್ತ ನಿಂತುಹೋಯಿತು. ಕರೆಂಟು ಹೋಗಿತ್ತು. ಆಂಪ್ಲಿಫೈಯರಿನ ಕೆಂಪು ದೀಪ ಆರಿತು. ಪ್ಲೇಟು ಸುಸ್ತಾದ ಎತ್ತಿನಂತೆ ಒಂದೆರಡು ಸುತ್ತು ಹಾಕಿ ನಿಂತಿತು.

ಹಾಡು ನಿಲ್ಲಲಿಲ್ಲ.

ನಿಲ್ಲಿಸೆಂದು ಪಾಪಯ್ಯ ಕೆಮ್ಮಿದ. ಮತ್ತೂ ಜೋರಾಗಿ ಕೆಮ್ಮಿದ. ಹಾಡು ಇನ್ನೊಂದು ನುಡಿಗೆ ಹೊರಳಿತು. ನರಸಿಂಹಪ್ಪನವರು ಕಣ್ಣು ಬಿಟ್ಟು ಪ್ಲೇಟನ್ನು ನೋಡಿದರು, ಆರಿದ ದೀಪವನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು.

“ಪಾಪಯ್ಯ! ಕರೆಂಟಿಲ್ದೆ ಹಾಡ್ತದಲ್ಲಯ್ಯಾ ಇದು!”

“ಅದು... ಸ್ವಾಮಿ... ಒಳಗೆ ಸ್ವಲ್ಪ ಉಳ್ಕೊಂಡಿರ್ತದೆ,” ಎಂದು ಪಾಪಯ್ಯ ಬೆವರು ಒರೆಸಿಕೊಂಡ.

“ನಂಗಿದೇ ಬೇಕು! ನಮ್ಮ ತೋಟದ ಮನೇಗೆ ಕರೆಂಟೇ ಬಂದಿಲ್ಲ. ಇದನ್ನೇ ಕಾರಿಗೆ ಹಾಕಿಸು!”

ಕದಿರಮ್ಮನವರು ಕುಡಿಯಲು ನೀರು ಬೇಕೆಂದು ಎದ್ದರು. “ನಾನೇ ತರ್ತೀನಿ ತಾಯಿ, ಕೂತ್ಕೊಳ್ಳಿ,” ಎಂದು ಪಾಪಯ್ಯ ಅಡ್ಡ ಬರುವಷ್ಟರಲ್ಲಿ ಅವರು ಅಡುಗೆಮನೆಯಲ್ಲಿದ್ದರು. ಅಲ್ಲಿ ಲಕ್ಷ್ಮೀನರಸಮ್ಮ ಮಣೆ ಹಾಕಿ ಕೂತು, ಕಿಟಕಿಯಲ್ಲಿ ತಲೆ ತೂರಿಸಿ, ಪೆಟ್ಟಿಗೆಯೊಳಗೆ ಕತ್ತಿನವರೆಗೂ ಮುಳುಗಿ, ಕೊನೆಯ ನುಡಿಯನ್ನು ಎಳೆಯುತ್ತಿದ್ದಳು.

ಕದಿರಮ್ಮನವರು ಸೆರಗನ್ನು ಬಾಯಿಗೆ ತುರುಕಿಕೊಂಡರು. ಹಾಡು ಮುಗಿಯುವವರೆಗೂ ಕಾದರು. ಲಕ್ಷ್ಮೀನರಸಮ್ಮ ತಲೆ ಹೊರತೆಗೆದಾಗ ಕೂದಲ ತುಂಬ ರೇಷ್ಮೆಯ ಎಳೆಗಳಿದ್ದವು.

“ಕರೆಂಟು ಹೋಗಿದ್ದು ಗೊತ್ತಾಗ್ಲಿಲ್ವಾ ಅಮ್ಮಯ್ಯ?” ಎಂದು ಪಿಸುಗುಟ್ಟಿದರು.

“ಗೊತ್ತಾಯ್ತು ಕಣಕ್ಕ. ಹೆಣ್ಣನ್ನ ಹಸೇಗೆ ಕರೆದು ಅರ್ಧ ದಾರೀಲಿ ಬಿಡಕ್ಕಾಯ್ತದಾ?”

ಕದಿರಮ್ಮನವರಿಗೆ ನಗು ತಡೆಯಲಾಗಲಿಲ್ಲ. ನೀರು ಕುಡಿದು, ಮುಖ ಗಂಭೀರ ಮಾಡಿಕೊಂಡು ಹೊರಗೆ ಬಂದು, “ಪಾಪಯ್ಯನೋರೇ, ನಮ್ಮ ಯಜಮಾನ್ರಿಗೆ ಇದೇ ಬೇಕಂತೆ. ಆದ್ರೆ ಒಳಗಿರೋದನ್ನ ಸೇರ್ಸಿ ಕೊಡ್ತೀರೋ, ಬರೀ ಡಬ್ಬ ಕೊಡ್ತೀರೋ?” ಎಂದರು.

ಪಾಪಯ್ಯ ಪೆಟ್ಟಿಗೆಗೆ ಅಡ್ಡ ನಿಂತ. ಅಡುಗೆಮನೆಯ ಬಾಗಿಲಲ್ಲಿ ಲಕ್ಷ್ಮೀನರಸಮ್ಮ ಬಂದು ನಿಂತಳು. ನರಸಿಂಹಪ್ಪನವರು ಅವಳ ತಲೆಯಲ್ಲಿ ಸಿಕ್ಕಿಕೊಂಡಿದ್ದ ರೇಷ್ಮೆಯನ್ನು ನೋಡಿ, ಪೆಟ್ಟಿಗೆಯನ್ನು ನೋಡಿ, ನಿಧಾನವಾಗಿ ಕೆಂಪಗಾದರು.

“ನನ್ನ ಕಿವೀಗೇ ಮೋಸ ಮಾಡಿದ್ರಾ?”

“ತಪ್ಪಾಯ್ತು ಸ್ವಾಮಿ, ವಾಲ್ವು ಸುಟ್ಟೋಗಿತ್ತು,” ಎಂದು ಪಾಪಯ್ಯ ನಡೆದದ್ದೆಲ್ಲ ಒಪ್ಪಿಕೊಂಡ.

“ಮೋಸ ಎಲ್ಲಿ ಬಂತು?” ಎಂದರು ಕದಿರಮ್ಮನವರು. “ಉಸಿರು ಎಳ್ಕೊಳೋದೂ ಕೇಳಿಸ್ತದೆ ಅಂದ್ರಿ. ಸರಿಯಾಗೇ ಕೇಳಿಸ್ಕೊಂಡಿದ್ದೀರ. ಇನ್ನು ಕೂಗಾಡಿದ್ರೆ ಚಿಂತಾಮಣೀಗೆ ಹೋಗಿ ನಾನೇ ಎಲ್ರಿಗೂ ಹೇಳ್ತೀನಿ.”

ನರಸಿಂಹಪ್ಪನವರು ಕೂಗಾಡಲಿಲ್ಲ. ಮೀಸೆ ತಿರುವಿ, “ವಾಲ್ವು ತಂದಿಡು, ಬರೋ ವಾರ ಬರ್ತೀನಿ,” ಎಂದಷ್ಟೇ ಹೇಳಿ ಕಾರು ಹತ್ತಿದರು.

ಮಾತಿನಂತೆ ಬಂದರು. ಲಕ್ಷ್ಮೀನರಸಮ್ಮ ತಮ್ಮ ಕಣ್ಣೆದುರೇ ಕೂರಬೇಕೆಂದು ಹಟ ಹಿಡಿದರು. ಅವಳು ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತ, ಬಾಯಿ ಬಿಗಿದುಕೊಂಡು ಕೂತಳು. ಪೆಟ್ಟಿಗೆ ನಿಜವಾಗಿಯೂ ಹಾಡಿತು. ಮೃದಂಗದ ಗುಂಕಾರಕ್ಕೆ ಮೊರದಲ್ಲಿನ ಕಾಳು ಅದುರಿದವು. ನರಸಿಂಹಪ್ಪನವರು ತಲೆದೂಗಿ, “ಅವತ್ತಿಂದೇ ಚೆನ್ನಾಗಿತ್ತು. ಆದ್ರೂ ಇರ್ಲಿ,” ಎಂದು ಪೆಟ್ಟಿಗೆಯನ್ನು ಕೊಂಡರು.

ಕದಿರಮ್ಮನವರು ಗುಟ್ಟನ್ನು ಒಂದು ತಿಂಗಳೂ ಇಟ್ಟುಕೊಳ್ಳಲಿಲ್ಲ. ಕಥೆ ಚಿಂತಾಮಣಿ ದಾಟಿ ಗೌರಿಬಿದನೂರು ಮುಟ್ಟಿತು. ವ್ಯಾಪಾರ ಕೆಡುತ್ತದೆಂದು ಪಾಪಯ್ಯ ಹೆದರಿದ್ದ. ಆದರೆ ಜನ ಇನ್ನೂ ಹೆಚ್ಚು ಬಂದರು. ಬಂದವರೆಲ್ಲ ಪೆಟ್ಟಿಗೆಯ ಹಿಂದೆ ಒಮ್ಮೆ ಇಣುಕಿ ನೋಡಿ, “ಯಜಮಾನ್ತಿ ಎಲ್ಲವ್ರೆ?” ಎಂದು ಕೇಳಿಯೇ ಕೂರುತ್ತಿದ್ದರು.

ಮುಂದಿನ ವರ್ಷ ನರಸಿಂಹಪ್ಪನವರ ಮಗಳ ಮದುವೆಗೆ ಇಬ್ಬರಿಗೂ ಕರೆ ಬಂತು. ಕದಿರಮ್ಮನವರು ಲಕ್ಷ್ಮೀನರಸಮ್ಮನನ್ನು ಹಸೆಯ ಪಕ್ಕ ಕೂರಿಸಿ, ಮೈಕನ್ನು ಮುಂದಿಟ್ಟರು. ಅವಳ ದನಿ ಗಂಡನ ಪೆಟ್ಟಿಗೆಯಿಂದ ಹೊರಟು ಚಪ್ಪರದ ತುಂಬ ಹರಡಿತು. ಹೆಂಗಸರು ಕೈಯಲ್ಲಿದ್ದ ಹೂವನ್ನು ಹಾಗೇ ಹಿಡಿದು ಕೇಳಿದರು.

ಹಾಡು ಮುಗಿಸಿ ಅವಳು ಗಂಡನ ಕಡೆಗೆ ಬಂದಳು. ಪಾಪಯ್ಯನ ಕಣ್ಣು ಒದ್ದೆಯಾಗಿತ್ತು.

“ಹೆಂಗಿತ್ತೇ ಸ್ಪೀಕರು?” ಎಂದ.

“ಗಂಟಲು ಸ್ವಲ್ಪ ದಪ್ಪ ಕೇಳಿಸ್ತದೆ ಕಣ್ರೀ,” ಎಂದಳು. “ನಾನು ಅಷ್ಟು ದಪ್ಪ ಇಲ್ಲ.”

ಪಾಪಯ್ಯ ಅವಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಊಟದ ಪಂಕ್ತಿಯ ಕಡೆಗೆ ಸರಸರ ನಡೆದ.